ಆಯುಧಪೂಜೆಯ ಔತಣ ಮತ್ತು ಮದ್ಯ: ಕೆಲಸದ ಸ್ಥಳದಲ್ಲಿ ಮುಂಚಿತವಾಗಿ ಮಾಡಿಕೊಳ್ಳಬೇಕಾದ ಕಟ್ಟುಪಾಡು



ಮಹಾನವಮಿಯ ದಿನ ನಮ್ಮ ಹಳೇಬೀಡಿನಲ್ಲಿ ಪೂಜೆಯಿಲ್ಲದ ಆಯುಧವೇ ಇರುವುದಿಲ್ಲ. ನೇಗಿಲು, ಟ್ರ್ಯಾಕ್ಟರು, ಹಿಟ್ಟಿನ ಗಿರಣಿಯ ಯಂತ್ರ, ದರ್ಜಿಯ ಹೊಲಿಗೆಯಂತ್ರ, ಬಾಡಿಗೆ ಕಾರು, ಅರಸೀಕೆರೆಗೆ ಕೊಬ್ಬರಿ ಸಾಗಿಸುವ ಲಾರಿ, ಎಲ್ಲವನ್ನೂ ತೊಳೆದು, ವಿಭೂತಿ ಕುಂಕುಮವಿಟ್ಟು, ಚೆಂಡುಹೂವಿನ ಹಾರ ಹಾಕುತ್ತಾರೆ. ಬೂದುಗುಂಬಳಕಾಯಿ ಒಡೆಯುತ್ತಾರೆ, ಚಕ್ರದಡಿಯಲ್ಲಿ ನಿಂಬೆಹಣ್ಣು ಇಡುತ್ತಾರೆ, ಕಡಲೆಪುರಿ ಹಂಚುತ್ತಾರೆ. ದೇವಾಲಯದ ಶಿಲ್ಪಗಳ ಕೆಳಗೆ ಕುಶಲಕರ್ಮಿಗಳು ತಮ್ಮ ಹೆಸರನ್ನು ಕೆತ್ತಿ ಹೋಗಿರುವ ಊರಿನಲ್ಲಿ ದುಡಿಮೆಯ ಸಾಧನಕ್ಕೆ ಇಷ್ಟು ಗೌರವ ಸಲ್ಲುವುದು ಸಹಜವೇ ಆಗಿದೆ. ಈ ಪಾಠವು ಪೂಜೆಯನ್ನು ಕುರಿತದ್ದಲ್ಲ. ಪೂಜೆ ಮುಗಿದು, ಬೋನಸ್ಸು ಕೈಗೆ ಬಂದು, ಕತ್ತಲಾದ ಮೇಲೆ ಗಿರಣಿಯ ಹಿಂಬದಿಯಲ್ಲೋ ಮಂಡಿಯ ಗೋದಾಮಿನಲ್ಲೋ ತೋಟದ ಕಣದಲ್ಲೋ ನಡೆಯುವ ಔತಣವನ್ನು ಕುರಿತದ್ದು. ಮರುದಿನ ವಿಜಯದಶಮಿಯ ರಜೆ ಇರುವುದರಿಂದ ಆ ಔತಣಕ್ಕೆ ಕೊನೆಯೆಂಬುದೇ ಇರುವುದಿಲ್ಲ.

ವೈದ್ಯಾಧಿಕಾರಿಯಾದ ನಾನು ಇದನ್ನು ಬರೆಯಲು ಒಂದು ಕಾರಣವುಂಟು. ಒಂದು ವರ್ಷ ವಿಜಯದಶಮಿಯ ಮುಂಜಾನೆ, ಇನ್ನೂ ಬೆಳಕು ಹರಿಯುವ ಮೊದಲು, ಸುಮಾರು ಮೂವತ್ತು ವರ್ಷದ ಒಬ್ಬ ಕಾರ್ಮಿಕನನ್ನು ಸರಕು ಸಾಗಿಸುವ ಗಾಡಿಯಲ್ಲಿ ಮಲಗಿಸಿಕೊಂಡು ಆಸ್ಪತ್ರೆಗೆ ತಂದರು. ಆತನ ಪ್ರಾಣ ಹೋಗಿ ಕೆಲವು ಗಂಟೆಗಳೇ ಆಗಿದ್ದವು. ಹೊಡೆದಾಟವಾಗಲಿ ಅಪಘಾತವಾಗಲಿ ನಡೆದಿರಲಿಲ್ಲ. ಔತಣದಲ್ಲಿ ಕುಡಿದು ಮೈಮರೆತವನನ್ನು ಸಂಗಡಿಗರು ಗೋಣಿಚೀಲಗಳ ಮೇಲೆ ಅಂಗಾತ ಮಲಗಿಸಿ, ಕಂಬಳಿ ಹೊದಿಸಿ, ನಿದ್ದೆ ಮಾಡಲಿ ಎಂದು ದೀಪ ಆರಿಸಿ ಹೋಗಿದ್ದರು. ರಾತ್ರಿ ಆತ ವಾಂತಿ ಮಾಡಿದ್ದಾನೆ. ಅದು ಶ್ವಾಸನಾಳಕ್ಕೆ ಇಳಿದಿದೆ. ಅವರ ಮೇಸ್ತ್ರಿ ನನ್ನ ಮುಂದೆ ಕೈಮುಗಿದು ನಿಂತು, "ಸ್ವಾಮಿ, ನಾವು ಯಾರೂ ಬಲವಂತ ಮಾಡಲಿಲ್ಲ. ಧಣಿಗಳು ಎಲ್ಲರಿಗೂ ಒಂದೊಂದು ಕೊಡಿಸಿದರು, ಅಷ್ಟೆ" ಎಂದ. ಆತನ ಹೆಂಡತಿ ಆಗ ಆರು ತಿಂಗಳ ಗರ್ಭಿಣಿ. ನಮ್ಮ ಆರೋಗ್ಯ ಕಾರ್ಯಕರ್ತೆಯ ತಾಯಿ ಕಾರ್ಡಿನ ಪುಸ್ತಕದಲ್ಲಿ ಆಕೆಯ ಹೆಸರಿತ್ತು.

ಧಣಿ ಕೆಟ್ಟವರಾಗಿರಲಿಲ್ಲ, ಸಂಗಡಿಗರು ಶತ್ರುಗಳಾಗಿರಲಿಲ್ಲ, ಕಂಬಳಿ ಹೊದಿಸಿದ್ದು ಪ್ರೀತಿಯಿಂದಲೇ. ಅಲ್ಲಿ ಇಲ್ಲದಿದ್ದುದು ಎರಡು. ಔತಣ ಹೇಗೆ ನಡೆಯಬೇಕೆಂಬ ಕಟ್ಟುಪಾಡು ಒಂದು. ಮೈಮರೆತವನನ್ನು ಹೇಗೆ ನೋಡಿಕೊಳ್ಳಬೇಕೆಂಬ ತಿಳಿವಳಿಕೆ ಇನ್ನೊಂದು.

ತನ್ನ ಹಣದಿಂದ ತಾನೇ ಅಂಗಡಿಗೆ ಹೋಗಿ ಕುಡಿಯುವವನಿಗೂ, ಕೆಲಸದ ಸ್ಥಳದ ಔತಣದಲ್ಲಿ ಕುಡಿಯುವವನಿಗೂ ವ್ಯತ್ಯಾಸವಿದೆ. ಅಲ್ಲಿ ಕೊಡುವವರು ಅನ್ನ ಕೊಡುವ ಧಣಿ. ಸುರಿಯುವವರು ನಾಳೆ ಭಾರ ಹೊರುವಾಗ ಕೈಜೋಡಿಸಬೇಕಾದ ಜೊತೆಗಾರರು. ಬೇಡವೆಂದರೆ ಧಣಿಗೆ ಅವಮಾನವಾದೀತೆಂಬ ಅಂಜಿಕೆ, ಒಲ್ಲೆನೆಂದರೆ ಗಂಡಸಲ್ಲವೆಂಬ ಹಾಸ್ಯ. ಎಂದೂ ಮುಟ್ಟದ ಹುಡುಗ ಮೊದಲ ಗುಟುಕು ಕುಡಿಯುವುದು ಬಹುತೇಕ ಇಂತಹ ಕಡೆಯೇ ಎಂಬುದನ್ನು ನನ್ನ ಮುಂದೆ ಕುಳಿತ ಅನೇಕ ರೋಗಿಗಳು ಹೇಳಿದ್ದಾರೆ. ಆದುದರಿಂದ ಇದನ್ನು ಒಬ್ಬನ ದುಶ್ಚಟವೆಂದು ಬೈದು ಬಿಡುವುದರಿಂದ ಪ್ರಯೋಜನವಿಲ್ಲ. ಕೆಲಸದ ಸ್ಥಳವೇ ಹಬ್ಬಕ್ಕೆ ಮುಂಚೆ ಕುಳಿತು ತೀರ್ಮಾನಿಸಬೇಕು.

ಎಷ್ಟು ಕುಡಿದರೆ ಎಷ್ಟು ಹೊತ್ತು?

ಸಾಮಾನ್ಯವಾಗಿ ಮಾರಾಟವಾಗುವ ವಿಸ್ಕಿ, ರಮ್, ಬ್ರಾಂಡಿಗಳಲ್ಲಿ ನೂರಕ್ಕೆ 42.8 ಭಾಗ ಮದ್ಯಸಾರವಿರುತ್ತದೆ. 180 ಮಿಲಿಲೀಟರಿನ ಒಂದು ಕ್ವಾರ್ಟರಿನಲ್ಲಿ ಸುಮಾರು 60 ಗ್ರಾಂ ಮದ್ಯಸಾರ ಉಂಟು. ಆರೋಗ್ಯವಂತನ ಪಿತ್ತಜನಕಾಂಗವು ಗಂಟೆಗೆ 7ರಿಂದ 10 ಗ್ರಾಂನಷ್ಟನ್ನು ಮಾತ್ರ ಕರಗಿಸಬಲ್ಲುದು. ಅಂದರೆ ರಾತ್ರಿ 10 ಗಂಟೆಗೆ ಒಂದು ಕ್ವಾರ್ಟರ್ ಮುಗಿಸಿದವನ ರಕ್ತ ಪೂರ್ತಿ ತಿಳಿಯಾಗುವಾಗ ಬೆಳಗಿನ ಜಾವ ನಾಲ್ಕರಿಂದ ಏಳು ಗಂಟೆಯಾಗಿರುತ್ತದೆ. ಇನ್ನೂ ಅರ್ಧ ಸೇರಿಸಿದರೆ ಹೊತ್ತು ಏರಿದರೂ ಅದು ಮೈಯಲ್ಲಿ ಉಳಿದಿರುತ್ತದೆ. ಅಷ್ಟರಲ್ಲಿ ಆತ ತೆಂಗಿನಮರ ಹತ್ತಿರುತ್ತಾನೆ, ಇಲ್ಲವೆ ಕಾಯಿ ಸುಲಿಯುವ ಕಬ್ಬಿಣದ ಮೊನೆಯ ಮುಂದೆ ನಿಂತಿರುತ್ತಾನೆ. ಮಜ್ಜಿಗೆ, ನಿಂಬೆರಸ, ಕಾಫಿ, ತಣ್ಣೀರ ಸ್ನಾನ ಇವುಗಳಲ್ಲಿ ಯಾವುದೂ ಈ ಕೆಲಸವನ್ನು ಬೇಗ ಮಾಡಿಸಲಾರದು. ಕಾಫಿ ಕುಡಿದ ಕುಡುಕನು ನಿದ್ದೆ ಬಾರದ ಕುಡುಕನಾಗುತ್ತಾನೆ, ಅಷ್ಟೇ.

ಬಿಯರ್ ಏನೂ ಮಾಡದೆಂಬ ನಂಬಿಕೆ ಯುವಕರಲ್ಲಿ ಬೇರೂರಿದೆ. ನೂರಕ್ಕೆ 8 ಭಾಗ ಮದ್ಯಸಾರವುಳ್ಳ ಸ್ಟ್ರಾಂಗ್ ಬಿಯರಿನ 650 ಮಿಲಿಲೀಟರ್ ಬಾಟಲಿಯೊಂದು ಸುಮಾರು 120 ಮಿಲಿಲೀಟರ್ ವಿಸ್ಕಿಗೆ ಸಮ.

ವಾಹನ ಚಾಲಕನ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಮದ್ಯಸಾರವಿರಕೂಡದೆಂದು 1988ರ ಮೋಟಾರು ವಾಹನ ಕಾಯಿದೆ ವಿಧಿಸಿದೆ. 60 ಕಿಲೋ ತೂಕದವನಿಗೆ ಒಂದೇ ಕ್ವಾರ್ಟರಿನಿಂದ ಈ ಮಿತಿಯ ನಾಲ್ಕೈದು ಪಟ್ಟು ಏರಬಹುದು. 2019ರ ತಿದ್ದುಪಡಿಯ ನಂತರ ಮೊದಲ ತಪ್ಪಿಗೇ 10,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆವಾಸ, ಅಥವಾ ಎರಡೂ ಆಗಬಹುದು. ಮೋಟಾರುಬೈಕಿನವನು ಬಿದ್ದರೆ ಒಬ್ಬಿಬ್ಬರಿಗೆ ಪೆಟ್ಟು; ಟ್ರ್ಯಾಕ್ಟರಿನ ಟ್ರೇಲರು ಕೆರೆಯ ಏರಿಯ ಮೇಲೆ ಮಗುಚಿದರೆ ಇಡೀ ಕೇರಿಗೆ ಪೆಟ್ಟು.

ಕಟ್ಟುಪಾಡು ಹೇಗಿರಬೇಕು?

ಹಬ್ಬಕ್ಕೆ ಎರಡು ವಾರ ಇರುವಾಗಲೇ ಧಣಿ, ಮೇಸ್ತ್ರಿ ಅಥವಾ ರೈಟರು, ಕೆಲಸಗಾರರಲ್ಲಿ ಹಿರಿಯರೊಬ್ಬರು, ಕೆಲಸ ಮಾಡುವ ಹೆಂಗಸರಲ್ಲಿ ಒಬ್ಬರು ಕುಳಿತು ಮಾತನಾಡಬೇಕು. ಹೆಂಗಸರನ್ನು ಕರೆಯದೆ ಮಾಡಿದ ತೀರ್ಮಾನ ನಿಲ್ಲುವುದನ್ನು ನಾನು ಕಂಡಿಲ್ಲ. ತೀರ್ಮಾನವನ್ನು ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿ, ಓದುಬಾರದವರಿಗೆ ಓದಿ ಹೇಳಬೇಕು.

ಮೊದಲನೆಯ ಮಾತು: ಧಣಿಯ ಹಣದಿಂದಾಗಲಿ, ಎಲ್ಲರಿಂದ ಎತ್ತಿದ ವಂತಿಗೆಯಿಂದಾಗಲಿ ಮದ್ಯ ಕೊಳ್ಳಕೂಡದು. "ಪಕ್ಕದ ತೋಟದಲ್ಲಿ ಕೊಡುತ್ತಾರೆ, ನಾವು ಕೊಡದಿದ್ದರೆ ಕುಯ್ಲಿಗೆ ಆಳು ಬರುವುದಿಲ್ಲ" ಎಂದು ಬೇಲೂರು ಕಡೆಯ ಕಾಫಿ ಬೆಳೆಗಾರರು ಹೇಳುವುದುಂಟು. ಆಳಿನ ಅಭಾವ ನಿಜವೇ. ಅವರ ಕಷ್ಟವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಬಾಟಲಿಗಾಗಿ ಬಂದವನು ಬಾಟಲಿ ದೊಡ್ಡದಾಗಿರುವ ಕಡೆಗೆ ಹೋಗುತ್ತಾನೆ. ಅದೇ ಹಣದಲ್ಲಿ ಮನೆಯವರಿಗೊಂದು ಸೀರೆ, ಮಕ್ಕಳಿಗೆ ಬಟ್ಟೆ, ಕೊನೆಗೆ ಒಂದು ಕುಕ್ಕರು ಕೊಟ್ಟ ಕಡೆ ಮರುವರ್ಷ ಹೆಂಡತಿಯೇ ಗಂಡನನ್ನು ಕರೆದುಕೊಂಡು ಬರುತ್ತಾಳೆ.

ಎರಡನೆಯದು ಹೊತ್ತು. ಔತಣವನ್ನು ಮಧ್ಯಾಹ್ನವೇ ಇಟ್ಟು, ಹೆಂಡತಿ ಮಕ್ಕಳನ್ನೂ ಕರೆಯಬೇಕು. ಈ ಭಾಗದ ಒಂದು ಗಿರಣಿಯಲ್ಲಿ ಹೀಗೆ ಮಾಡಿದರು. ಪೂಜೆಯ ನಂತರ ಎಲೆ ಹಾಕಿ ಒಬ್ಬಟ್ಟಿನ ಊಟ ಬಡಿಸಿದರು. ಮಕ್ಕಳಿಗೆ ಓಟದ ಪಂದ್ಯ ಇಟ್ಟರು. ನಾಲ್ಕು ಗಂಟೆಗೆ ಯಂತ್ರಮನೆಗೆ ಬೀಗ ಹಾಕಿದರು. ಸಂಜೆ ನಾಲ್ಕಾರು ಮಂದಿ ಅಂಗಡಿಯ ಕಡೆ ಹೋದದ್ದು ನಿಜ. ಅವರನ್ನು ಯಾವ ಹಾಳೆಯೂ ತಡೆಯಲಿಲ್ಲ. ಆದರೆ ಅವರು ತಮ್ಮ ಕಾಸಿನಿಂದ, ಹೊಟ್ಟೆ ತುಂಬಿದ ಮೇಲೆ, ಲೆಕ್ಕ ಹಾಕಿಕೊಂಡು ಕುಡಿದರು. ಮಿಕ್ಕವರು ಮಕ್ಕಳ ಕೈಹಿಡಿದು ಮನೆಗೆ ಹೋದರು. ಹಿಂದಿನ ವರ್ಷ ಅದೇ ಗಿರಣಿಯಿಂದ ಇಬ್ಬರಿಗೆ ನಾನು ಹೊಲಿಗೆ ಹಾಕಿದ್ದೆ. ಆ ವರ್ಷ ಯಾರೂ ಬರಲಿಲ್ಲ.

ಬೋನಸ್ಸನ್ನು ಹಬ್ಬದ ಸಂಜೆ ಕೈಯಲ್ಲಿ ಎಣಿಸಿ ಕೊಡುವ ಬದಲು ಒಂದು ವಾರ ಮುಂಚೆ ಬ್ಯಾಂಕಿನ ಖಾತೆಗೆ ಹಾಕುವುದು ಲೇಸು. ವಾಹನ ನಡೆಸುವವರು ಯಾರೆಂಬುದನ್ನು ಬೆಳಿಗ್ಗೆಯೇ ಗೊತ್ತುಮಾಡಿ, ಉಳಿದ ಬೀಗದ ಕೈಗಳನ್ನು ರೈಟರ ಬಳಿ ಇರಿಸಬೇಕು. ಯಾರಾದರೂ ಕುಡಿದು ಬಂದರೆ ಹೊಡೆಯುವುದಾಗಲಿ ಒಬ್ಬನನ್ನೇ ಕತ್ತಲಲ್ಲಿ ಹೊರದೂಡುವುದಾಗಲಿ ಸಲ್ಲದು. ಇಬ್ಬರು ಜೊತೆಗೂಡಿ ಮನೆಗೆ ಮುಟ್ಟಿಸಿ, ಮನೆಯವರಿಗೆ ಒಪ್ಪಿಸಿ ಬರಬೇಕು. ಒಲ್ಲೆನೆಂದವನನ್ನು ಗೇಲಿ ಮಾಡಕೂಡದು. ಹೇಗೆ ಹೇಳಲಿ ಎಂದು ಸಂಕೋಚಪಡುವವರಿಗೆ ನಾನೊಂದು ಉಪಾಯ ಹೇಳಿಕೊಡುತ್ತೇನೆ: "ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ, ಡಾಕ್ಟರು ಬೇಡವೆಂದಿದ್ದಾರೆ" ಎಂದುಬಿಡಿ. ಡಾಕ್ಟರು ಬೇಡವೆಂದಿರುವುದು ಹೇಗೂ ನಿಜ.

ಕಾನೂನಿನ ನಾಲ್ಕು ಮಾತು

ಕೂಲಿಯ ಬದಲು ಮದ್ಯ ಕೊಡುವ ಪದ್ಧತಿ ನಮ್ಮ ನಾಡಿನದು ಮಾತ್ರವಲ್ಲ. ದಕ್ಷಿಣ ಆಫ್ರಿಕಾದ ಕೇಪ್ ಪ್ರಾಂತದ ದ್ರಾಕ್ಷಿ ತೋಟಗಳಲ್ಲಿ ಆಳುಗಳಿಗೆ ಕೂಲಿಯ ಒಂದು ಭಾಗವನ್ನು ದ್ರಾಕ್ಷಾರಸದ ಮದ್ಯವಾಗಿಯೇ ಅಳೆದು ಕೊಡುತ್ತಿದ್ದರು. ಆ ಪದ್ಧತಿಯನ್ನು ನಿಷೇಧಿಸಿ ದಶಕಗಳಾದ ಮೇಲೂ, ತಾಯಿಯ ಕುಡಿತದಿಂದ ಗರ್ಭದಲ್ಲಿಯೇ ಮೆದುಳಿಗೆ ಹಾನಿಯಾದ ಮಕ್ಕಳು ಅಲ್ಲಿ ಅತಿ ಹೆಚ್ಚು ಸಂಖ್ಯೆಯಲ್ಲಿ ಹುಟ್ಟುತ್ತಿರುವುದನ್ನು ವೈದ್ಯರು ಕಂಡುಕೊಂಡಿದ್ದಾರೆ. ತೀಕ್ಷ್ಣ ಮದ್ಯವನ್ನು ಯಾವ ಸಂದರ್ಭದಲ್ಲಿಯೂ ಕೂಲಿಯಾಗಿ ಕೊಡಕೂಡದೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು 1949ರಲ್ಲಿಯೇ ಒಡಂಬಡಿಕೆ ಮಾಡಿತು. ಹೆಂಡದಂಗಡಿಗಳಲ್ಲಿ ಕೂಲಿ ಬಟವಾಡೆ ಮಾಡಬಾರದೆಂಬುದೂ ಅದರಲ್ಲಿದೆ. ನಮ್ಮ ದೇಶದ ಕಾನೂನಿನಂತೆಯೂ ಕೂಲಿಯನ್ನು ಹಣವಾಗಿಯೇ ಕೊಡಬೇಕು.

ಕೆಲಸದಲ್ಲಿ ಗಾಯವಾದರೆ ಪರಿಹಾರ ದೊರೆಯುವುದೆಂದು ನಂಬಿರುವವರು ಇದನ್ನು ಗಮನಿಸಬೇಕು: ಅಪಘಾತದ ನೇರ ಕಾರಣವು ಕಾರ್ಮಿಕನು ಮದ್ಯದ ಅಥವಾ ಮಾದಕ ವಸ್ತುವಿನ ಅಮಲಿನಲ್ಲಿದ್ದುದೇ ಆಗಿದ್ದರೆ, ಸಾವು ಅಥವಾ ಶಾಶ್ವತ ಪೂರ್ಣ ಅಂಗವೈಕಲ್ಯ ಆಗದ ಹೊರತು, ಧಣಿಯು ಪರಿಹಾರ ಕೊಡಬೇಕಾಗಿಲ್ಲ. 1923ರ ಕಾಯಿದೆಯಲ್ಲಿದ್ದ ಈ ಅಂಶ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿಯೂ ಉಳಿದಿದೆ. ನಾಲ್ಕು ಬೆರಳು ಹೋದರೂ ಕೈಗೆ ಬರಿಯ ಬ್ಯಾಂಡೇಜು ಉಳಿದೀತು.

ಬಾಟಲಿ ತರಲು ಹುಡುಗರನ್ನು ಅಂಗಡಿಗೆ ಕಳುಹಿಸುವುದು ಹಲವು ಕಡೆ ರೂಢಿ. ಹದಿನೆಂಟು ತುಂಬದವರಿಗೆ ಮದ್ಯ ಕೊಡುವುದಕ್ಕೂ, ಅವರ ಕೈಯಿಂದ ಮದ್ಯ ಸಾಗಿಸುವುದಕ್ಕೂ 2015ರ ಬಾಲನ್ಯಾಯ ಕಾಯಿದೆಯಂತೆ ಏಳು ವರ್ಷದವರೆಗೆ ಶಿಕ್ಷೆಯುಂಟು. ಔತಣದಲ್ಲಾಗಲಿ, ಧಣಿಯ ವಾಹನದಲ್ಲಿ ಮರಳುವಾಗಲಾಗಲಿ ಹೆಂಗಸರೊಡನೆ ಅಸಭ್ಯವಾಗಿ ನಡೆದುಕೊಂಡರೆ ಅದೂ ಕೆಲಸದ ಸ್ಥಳದಲ್ಲಿ ನಡೆದ ಲೈಂಗಿಕ ಕಿರುಕುಳವೇ ಎಂದು 2013ರ ಕಾಯಿದೆಯಂತೆ ಪರಿಗಣಿಸಲಾಗುತ್ತದೆ. ಹತ್ತಕ್ಕಿಂತ ಕಡಿಮೆ ಕೆಲಸಗಾರರಿರುವ ಕಡೆಯವರು ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಕುಡಿದಿದ್ದೆ, ನೆನಪಿಲ್ಲ ಎಂಬುದು ಕ್ಷಮೆಗೆ ಕಾರಣವಾಗದು.

ಗಾಂಜಾ ಸೇವನೆಯೂ, ಇಟ್ಟುಕೊಳ್ಳುವುದೂ 1985ರ ಕಾಯಿದೆಯಂತೆ ಅಪರಾಧ. ಗಾಂಜಾಕ್ಕಿಂತ ಸದ್ದಿಲ್ಲದೆ ಹಬ್ಬುತ್ತಿರುವುದು ಮಾತ್ರೆಗಳು. ಮೂಟೆ ಹೊರುವ ಹಮಾಲರು ಮೈನೋವಿಗೆಂದು, ಲಾರಿಯವರು ನಿದ್ದೆಗೆಂದು ಚೀಟಿಯಿಲ್ಲದೆ ಕೊಳ್ಳುವ ಕೆಲವು ಗುಳಿಗೆಗಳು ಮದ್ಯದೊಡನೆ ಸೇರಿದರೆ ಉಸಿರನ್ನೇ ಕುಗ್ಗಿಸುತ್ತವೆ. ಕುಡಿದವನಿಗೆ ನಿದ್ದೆಮಾತ್ರೆಯನ್ನು ಎಂದಿಗೂ ಕೊಡಬೇಡಿ.

ಮನೆಗೆ ಬರುವ ಉಳಿದ ಬಾಟಲಿ

ಔತಣದಲ್ಲಿ ಮಿಕ್ಕ ಬ್ರಾಂಡಿಯನ್ನು ಮನೆಗೆ ತಂದು ಔಷಧಿಯೆಂದು ಅಟ್ಟದ ಮೇಲಿಡುವ ಅಭ್ಯಾಸ ಮಲೆನಾಡಿನ ಕಡೆ ಹೆಚ್ಚು. ಬಾಣಂತಿಗೆ ಥಂಡಿಗೆಂದು ಒಂದು ಮುಚ್ಚಳ, ಮಗುವಿನ ಶೀತಕ್ಕೆಂದು ನಾಲಿಗೆಗೆ ಒಂದು ತೊಟ್ಟು. ಮಗುವಿಗೆ ಒಂದು ತೊಟ್ಟೂ ಹಾಕಕೂಡದು, ಎದೆಗೆ ಸವರಲೂಬಾರದು. ಎಳೆಯ ಶಿಶುವಿನ ರಕ್ತದ ಸಕ್ಕರೆ ಇಳಿದು ಸೆಳವು ಬರಬಹುದು. ಬಾಣಂತಿ ಕುಡಿದದ್ದು ಎದೆಹಾಲಿಗೂ ಇಳಿಯುತ್ತದೆ. ಬಸುರಿನಲ್ಲಂತೂ ಇಷ್ಟು ಕುಡಿದರೆ ಅಪಾಯವಿಲ್ಲವೆಂಬ ಅಳತೆಯೇ ಇಲ್ಲ. ಯಾರಿಗೇ ಆಗಲಿ ಆರೋಗ್ಯಕ್ಕೆ ಸುರಕ್ಷಿತವಾದ ಪ್ರಮಾಣವೆಂಬುದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟಪಡಿಸಿದೆ. ಮಕ್ಕಳಾಗಲಿಲ್ಲವೆಂದು ಹೆಂಡತಿಯನ್ನು ಮಾತ್ರ ಆಸ್ಪತ್ರೆಗೆ ಕಳುಹಿಸುವ ಗಂಡಂದಿರು, ವರ್ಷಗಟ್ಟಲೆ ಅತಿಯಾಗಿ ಕುಡಿದವರಲ್ಲಿ ವೀರ್ಯಾಣುಗಳು ಕುಂದುವುದನ್ನೂ ತಿಳಿದಿರಬೇಕು.

ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಷೇಧವಾಗಿದೆ. ಹಳ್ಳಿಗಳಲ್ಲಿ ಅದರ ಜಾಗವನ್ನು ಅಗ್ಗದ ವಿಸ್ಕಿಯ ಸಣ್ಣ ಪೊಟ್ಟಣಗಳು ಹಿಡಿದವು. ಮೊಹರಿಲ್ಲದ ಡಬ್ಬದಲ್ಲಿ ಬಂದದ್ದನ್ನಂತೂ ಯಾರೂ ಮುಟ್ಟಬಾರದು. 1981ರಲ್ಲಿ ಬೆಂಗಳೂರಿನಲ್ಲಿ ವಿಷಮದ್ಯದಿಂದ 300ಕ್ಕೂ ಹೆಚ್ಚು ಮಂದಿ ಸತ್ತರು. ಅಂತಹ ಮದ್ಯದಲ್ಲಿ ಸೇರಿರುವ ಮೆಥನಾಲ್ ಎಂಬ ವಿಷವು ಕುಡಿದ ಅರ್ಧ ದಿನ, ಒಂದು ದಿನದ ಮೇಲೆ ತಲೆನೋವು, ಹೊಟ್ಟೆನೋವು, ಮಂಜು ಕವಿದಂತೆ ಕಣ್ಣು ಮಬ್ಬಾಗುವ ಲಕ್ಷಣಗಳನ್ನು ತೋರುತ್ತದೆ. ಕಣ್ಣು ಮಬ್ಬಾಯಿತೆಂದರೆ ಒಂದು ಗಳಿಗೆಯನ್ನೂ ಕಳೆಯದೆ ದೊಡ್ಡ ಆಸ್ಪತ್ರೆಗೆ ಸಾಗಿಸಬೇಕು. ಜೊತೆಯಲ್ಲಿ ಕುಡಿದವರನ್ನೂ ಕರೆತರಬೇಕು.

ಮೈಮರೆತವನ ಶುಶ್ರೂಷೆ

ಗೋಣಿಚೀಲದ ಮೇಲೆ ಮಲಗಿದ್ದ ಆ ಯುವಕನಿಗೆ ಮದ್ದು ಬೇಕಿರಲಿಲ್ಲ. ಮಗ್ಗುಲು ಬದಲಿಸಿದ್ದರೆ ಬದುಕುಳಿಯುವ ಸಂಭವವಿತ್ತು.

ಹೀಗೆ ಮಾಡಿ: ಮೈಮರೆತವನನ್ನು ಎಡಮಗ್ಗುಲಿಗೆ ಹೊರಳಿಸಿ. ಮೇಲಿನ ಮೊಣಕಾಲನ್ನು ಮಡಿಸಿ ಮುಂದಕ್ಕಿಡಿ, ಮತ್ತೆ ಅಂಗಾತವಾಗದಂತೆ ಬೆನ್ನಿಗೆ ಒಂದು ಮೂಟೆ ಆನಿಸಿ. ವಾಂತಿ ಹೊರಗೆ ಹರಿದುಹೋಗುವಂತೆ ಬಾಯಿ ನೆಲದ ಕಡೆಗಿರಲಿ. ಬಿಗಿಯಾದ ಬಟ್ಟೆ ಸಡಿಲಿಸಿ, ಬೆಚ್ಚಗೆ ಹೊದಿಸಿ. ಕುಡಿಯದ ಒಬ್ಬರು ದೀಪ ಹಚ್ಚಿಕೊಂಡು ಪಕ್ಕದಲ್ಲಿ ಎಚ್ಚರವಾಗಿರಬೇಕು. ಗಂಟಲಿಗೆ ಬೆರಳು ಹಾಕಿ ವಾಂತಿ ಮಾಡಿಸುವುದು, ಹುಣಸೆನೀರು ಹೊಯ್ಯುವುದು, ತಲೆಯ ಮೇಲೆ ಕೊಡದ ನೀರು ಸುರಿಯುವುದು ಇವೆಲ್ಲ ಅಪಾಯಕರ.

ಕಿವಿಯ ಹತ್ತಿರ ಕೂಗಿ ಚಿವುಟಿದರೂ ಏಳದಿದ್ದರೆ, ನಿಮಿಷಕ್ಕೆ ಎಂಟಕ್ಕಿಂತ ಕಡಿಮೆ ಉಸಿರಾಡುತ್ತಿದ್ದರೆ, ಎರಡು ಉಸಿರಿನ ನಡುವೆ ಹತ್ತು ಎಣಿಸುವಷ್ಟು ಅಂತರ ಬಿದ್ದರೆ, ತುಟಿ ನೀಲಿಗಟ್ಟಿದರೆ, ಸೆಳವು ಬಂದರೆ, ಕೂಡಲೆ 108ಕ್ಕೆ ಕರೆ ಮಾಡಿ. ಆತ ಬಿದ್ದಿದ್ದನೇ, ತಲೆಗೆ ಪೆಟ್ಟಾಗಿದೆಯೇ, ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದನೇ ಎಂಬುದನ್ನು ಹೇಳಲು ಮರೆಯಬೇಡಿ. ತಲೆಯೊಳಗೆ ರಕ್ತ ಸೋರುತ್ತಿರುವವನೂ, ಸಕ್ಕರೆ ಇಳಿದವನೂ ಕುಡಿದು ಮಲಗಿದವನಂತೆಯೇ ಕಾಣುತ್ತಾರೆ.

ಪ್ರತಿದಿನ ಕುಡಿಯುವವನು ಹಬ್ಬದ ದಿನ ಪಣತೊಟ್ಟು ಒಮ್ಮೆಲೇ ನಿಲ್ಲಿಸಿದರೆ ಮನೆಯವರಿಗೆ ಹರ್ಷವಾಗುವುದು ಸಹಜ. ಆದರೆ ಅಂತಹವನನ್ನು ಕೋಣೆಯಲ್ಲಿ ಕೂಡಿಹಾಕಿ ಬಿಡಿಸಲು ಹೊರಡಬೇಡಿ. ನಿಲ್ಲಿಸಿದ ಆರು ಗಂಟೆಗಳಿಂದ ಎರಡು ದಿನಗಳೊಳಗೆ ಕೈನಡುಕ, ಬೆವರು, ಸೆಳವು ಬರಬಹುದು. ಎರಡು ಮೂರು ದಿನಗಳಾದ ಮೇಲೆ ಇಲ್ಲದ ಹುಳುಹುಪ್ಪಟೆ ಮೈಮೇಲೆ ಹರಿದಂತೆ, ಇಲ್ಲದವರು ಕರೆದಂತೆ ಭ್ರಮೆ ಹುಟ್ಟಬಹುದು. ಇದು ದೆವ್ವದ ಕಾಟವಲ್ಲ, ಚಿಕಿತ್ಸೆಯುಳ್ಳ ಸ್ಥಿತಿ. ಬಿಟ್ಟರೆ ಪ್ರಾಣಾಪಾಯವೂ ಉಂಟು. ನಿಲ್ಲಿಸುವ ಮುಂಚೆಯೇ ದಂಪತಿಗಳಿಬ್ಬರೂ ಸಮೀಪದ ಸರ್ಕಾರಿ ಆಸ್ಪತ್ರೆಗೆ ಬಂದರೆ ಮಾತ್ರೆಗಳ ನೆರವಿನಿಂದ ಬಿಡಿಸಬಹುದು. ಹೆಚ್ಚಿನ ಚಿಕಿತ್ಸೆ ಬೇಕಾದವರಿಗೆ ಹಾಸನದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆಗೂ, ಬೆಂಗಳೂರಿನ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ಕೇಂದ್ರಕ್ಕೂ ಚೀಟಿ ಕೊಡಲಾಗುವುದು. ಬರಲು ಸಂಕೋಚವಿದ್ದವರು 14416ಕ್ಕೆ ಅಥವಾ ವ್ಯಸನಮುಕ್ತಿಗಾಗಿಯೇ ಇರುವ 14446ಕ್ಕೆ ದೂರವಾಣಿ ಮಾಡಿ ಮಾತನಾಡಬಹುದು, ಕರೆಗೆ ಶುಲ್ಕವಿಲ್ಲ.

ಗಂಡ ಬರಲು ಒಪ್ಪದಿದ್ದರೆ ಹೆಂಡತಿಯೊಬ್ಬಳೇ ಬಂದು ವಿಚಾರಿಸಬಹುದು. ತಾಯಿ ಕಾರ್ಡು ತರುವ ದಿನವೇ ಕೇಳಿದರೆ ಬೇರೆ ಚೀಟಿ ಮಾಡಿಸುವ ಅಗತ್ಯವೂ ಇಲ್ಲ.